ಸಂಡೂರಿನ ಗುಡ್ಡ ಹತ್ತಿದಿರಿ, ಇಳಿಯೋದು ಹೇಗೆ?

'ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ' ಅಂತ ಗಾಂಧೀಜಿ ಹೇಳಿದ್ದರಂತೆ. ಮಳೆ ಕಡಿಮೆಯಾದ ಕೂಡಲೇ ಆ ಮಾತು ಹಿಡಿದು ಟೆಂಪೋಗಟ್ಟಲೆ ಜನ ಬರುತ್ತಾರೆ, ಸಂಜೆ ಕುಂಟುತ್ತಾ ವಾಪಸ್ ಹೋಗುತ್ತಾರೆ. ಹತ್ತುವಾಗ ಯಾರಿಗೂ ಏನೂ ಆಗಿರುವುದಿಲ್ಲ. ಎಡವಟ್ಟೆಲ್ಲ ಇಳಿಯುವಾಗಲೇ.

ಮೊದಲು ಅನುಮತಿ. ಸುತ್ತ ಕಾಡು, ಪಕ್ಕದಲ್ಲೇ ಗಣಿ. ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡು, ದಾರಿ ಗೊತ್ತಿರುವ ಊರಿನವರೊಬ್ಬರ ಜೊತೆಗೇ ಹೋಗಿ.

ಬ್ಯಾಗಿನಲ್ಲಿ ತಲೆಗೆ ಮೂರು ಲೀಟರ್ ನೀರು, ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಇದ್ದರೆ ಸಾಕು. ಬೆಳಿಗ್ಗೆ ಒಗ್ಗರಣಿ-ಮಿರ್ಚಿ ತಿಂದು ಹೊರಡಬೇಡಿ, ಅರ್ಧ ಗುಡ್ಡಕ್ಕೆ ಎದೆ ಉರಿ ಶುರುವಾಗುತ್ತದೆ. ಅಡಿ ನುಣ್ಣಗಿರುವ ಅಗ್ಗದ ಶೂ ಬೇಡವೇ ಬೇಡ. ಅಂಟು ಬಿಟ್ಟು ಅಟ್ಟೆ ಬಾಯಿ ತೆರೆದರೆ ನಡುಗುಡ್ಡದಲ್ಲಿ ಏನು ಮಾಡ್ತೀರಿ?

ಗುಂಪು ಕಟ್ಟುವುದು ಹೀಗೆ: ಮುಂದೆ ದಾರಿ ಬಲ್ಲವರು, ಕೊನೆಗೆ ಗಟ್ಟಿ ಕಾಲಿನವರೊಬ್ಬರು, ನಿಧಾನ ನಡೆಯುವವರು ಎರಡನೇ ಜಾಗದಲ್ಲಿ. ಸಾಮಾನ್ಯವಾಗಿ ಆಗುವುದೇ ಬೇರೆ. ಹುಡುಗರು ಮುಂದೆ ಓಡಿ, ಬಂಡೆ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕೂಡಲೇ 'ನಡೀರಿ' ಅಂತ ಏಳುತ್ತಾರೆ. ಸುಸ್ತಾದವರಿಗೆ ವಿಶ್ರಾಂತಿಯೇ ಇಲ್ಲ! ಕೊನೆಯವರು ಬಂದ ಮೇಲೂ ಐದು ನಿಮಿಷ ಕೂರಬೇಕು. ದಾರಿ ಕವಲಾದ ಕಡೆ ಎಲ್ಲರೂ ಸೇರಿದ ಮೇಲೇ ಮುಂದಕ್ಕೆ. ಆಡು ಹೋದ ಜಾಡು ನೋಡಿ ಅಡ್ಡದಾರಿ ಅಂದುಕೊಳ್ಳಬೇಡಿ, ಅದು ಮುಳ್ಳಿನ ಪೊದೆಗೆ ಹೋಗಿ ಮುಗಿಯುತ್ತದೆ.

ಹತ್ತುವುದು ಸುಲಭ. ಸಣ್ಣ ಹೆಜ್ಜೆ, ಒಂದೇ ವೇಗ. ಎತ್ತರ ಕೇಳಿ ಹೆದರಬೇಡಿ. ಇಲ್ಲಿನ ಗುಡ್ಡದ ಮೇಲಿರುವ ರಾಮನದುರ್ಗವೇ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್. ಕಾಯಿಲೆ ಬಿದ್ದ ಸೈನಿಕರನ್ನು ಬ್ರಿಟಿಷರು ಚೇತರಿಸಿಕೊಳ್ಳಲಿ ಅಂತ ಅಲ್ಲಿಗೇ ಕಳಿಸುತ್ತಿದ್ದರು.

ಈಗ ಇಳಿಯುವುದು. ಇಲ್ಲಿನ ನೆಲ ಕೆಂಪು ಗಟ್ಟಿ ಮಣ್ಣು, ಮೇಲೆ ಕಬ್ಬಿಣದ ಅದಿರಿನ ಹರಳು. ಕಾಲಿಟ್ಟರೆ ಗೋಲಿಯಂತೆ ಉರುಳುತ್ತವೆ. ಹೊರಡುವ ಮೊದಲು ಕೂತು, ಹಿಮ್ಮಡಿಯನ್ನು ಶೂ ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಲೇಸ್ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಮೊಣಕಾಲು ಸ್ವಲ್ಪ ಬಗ್ಗಿರಲಿ. ಗೇಣುದ್ದದ ಹೆಜ್ಜೆ, ಇಡೀ ಪಾದ ನೆಲಕ್ಕೆ ಊರಿದ ಮೇಲೇ ಭಾರ ಬಿಡಿ. ಹೆದರಿದವರು ಹಿಂದಕ್ಕೆ ವಾಲುತ್ತಾರೆ. ಆಗಲೇ ಹಿಮ್ಮಡಿ ಜಾರಿ ಕುಂಡಿ ಮೇಲೆ ಬೀಳೋದು. ಮೈಭಾರ ಪಾದದ ಮೇಲೇ ಇರಬೇಕು. ತೀರಾ ಕಡಿದಾದ ಕಡೆ ಅಡ್ಡಕ್ಕೆ ತಿರುಗಿ, ಒಂದು ಕಾಲಿನ ಪಕ್ಕಕ್ಕೆ ಇನ್ನೊಂದು ತಂದು ಇಳಿಯಿರಿ. ಹುಲ್ಲು ಹಿಡಿಯಬೇಡಿ, ಕಿತ್ತು ಕೈಗೆ ಬರುತ್ತದೆ. ಇಂಥ ಕಡೆ ಒಬ್ಬೊಬ್ಬರೇ ಇಳಿಯಬೇಕು, ಉಳಿದವರು ನೇರ ಕೆಳಗೆ ನಿಲ್ಲಬಾರದು. ಕಲ್ಲು ಉರುಳಿದರೆ ಜೋರಾಗಿ 'ಕಲ್ಲು' ಅಂತ ಕೂಗಿ. ಫೋನು ಜೇಬಿನಲ್ಲಿರಲಿ. ಸೆಲ್ಫಿ ಆಮೇಲೆ ತೆಗೆದರಾಯ್ತು, ಅಲ್ವಾ?

ಇಳಿಯೋದನ್ನು ಮಧ್ಯಾಹ್ನ ಎರಡಕ್ಕೇ ಶುರು ಮಾಡಿ. ಈ ಕಡೆ ಕರಡಿ ಜಾಸ್ತಿ, ದರೋಜಿ ಕರಡಿಧಾಮ ಹತ್ತಿರದಲ್ಲೇ ಇದೆ. ಹೊತ್ತು ಮುಳುಗುವಾಗ ಅವು ಹೊರಬರುತ್ತವೆ. ಸುಮ್ನೆ ನಡೆಯಬೇಡಿ, ಮಾತಾಡುತ್ತಾ ಬನ್ನಿ. ಸದ್ದಿಲ್ಲದೆ ಎದುರಾದರೇ ಕರಡಿ ಬೆದರಿ ಮೇಲೆ ಬೀಳುವುದು.

ಕೆಳಗೆ ಬಂದ ಮೇಲೆ ತಲೆ ಎಣಿಸಿ, ಶೂ ಚೆನ್ನಾಗಿ ಕೊಡವಿ ಗಾಡಿ ಹತ್ತಿ. ಆ ಕೆಂಪು ಮಣ್ಣು ಸೀಟಿಗೆ ಅಂಟಿದರೆ ಡ್ರೈವರಣ್ಣ ಮುಂದಿನ ಸಲ ಬಾಡಿಗೆಗೇ ಬರುವುದಿಲ್ಲ.