ಓಲೆಯನ್ನು ಬಿಟ್ಟು ಅವನ ನೆರೆಯವರನ್ನು ಹಿಡಿದೆ: ನನ್ನ ಅನುಭವ

ನಾರ್ತ್ ಡಕೋಟಾದ ಟ್ರೇಲ್ ಕೌಂಟಿಯಲ್ಲಿ 1880ರ ದಶಕದಲ್ಲಿ 160 ಎಕರೆ ಹೋಮ್‌ಸ್ಟೆಡ್ ಭೂಮಿ (ನೆಲೆಸಿ ಉಳುವವರಿಗೆ ಸರ್ಕಾರ ಕೊಡುತ್ತಿದ್ದ ನೆಲ) ಪಡೆದಿದ್ದ ಓಲೆ ಓಲ್ಸನ್ ಎಂಬುವನ ಹುಟ್ಟೂರನ್ನು ನಾರ್ವೆಯಲ್ಲಿ ಪತ್ತೆ ಹಚ್ಚಲು ನನಗೆ ಹೆಚ್ಚುಕಡಿಮೆ ಮೂರು ವರ್ಷ ಹಿಡಿಯಿತು. ಫಾರ್ಗೋದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಮುತ್ತಜ್ಜ ಅವನು. ಪೂರ್ವಜರನ್ನು ಹುಡುಕುವ ಈ ಕೆಲಸದಲ್ಲಿ ಪಳಗಿದ ಇಲ್ಲಿನ ಹಿರಿಯರು, ತೀರಾ ಸಾಮಾನ್ಯವಾದ ಆ ಹೆಸರಿನವನ ಬೆನ್ನು ಹತ್ತಿ ಅಟ್ಲಾಂಟಿಕ್ ದಾಟಿದವರು ಯಾರೂ ಇಲ್ಲ ಎಂದಿದ್ದರು. ಮೈಸೂರಿನ ನನ್ನ ಅಣ್ಣನಂತೂ, “ಮೊದಲು ನಮ್ಮ ಮುತ್ತಜ್ಜನ ಹೆಸರು ಹೇಳೋ, ಆಮೇಲೆ ಅವರ ಮುತ್ತಜ್ಜನನ್ನು ಹುಡುಕುವೆಯಂತೆ” ಎಂದು ಫೋನಿನಲ್ಲೇ ನಕ್ಕಿದ್ದ. ಕಳೆದ ಮಾರ್ಚಿನಲ್ಲಿ ನಾರ್ವೆಯ ವಾಲ್ಡ್ರೆಸ್ ಕಣಿವೆಯಲ್ಲಿ ಅವನು ಹೊರಟುಬಂದ ಜಮೀನು ಸಿಕ್ಕಿತಾದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ವರ್ಷ ಪೂರ್ತಿ ವ್ಯರ್ಥವಾಯಿತು. ಭೂ ಪಟ್ಟಾಗಳ ಸೂಚಿಯಲ್ಲಿ ಅದೇ ಹೆಸರಿನವರು ಹಲವರಿದ್ದರು. ನಾನು ಆತುರಪಟ್ಟು ಇಬ್ಬರ ಕಡತಗಳನ್ನು ವಾಷಿಂಗ್‌ಟನ್ನಿನ ರಾಷ್ಟ್ರೀಯ ಪತ್ರಾಗಾರದಿಂದ ತರಿಸಿದೆ. ಒಂದೊಂದಕ್ಕೂ ಸುಮಾರು 50 ಡಾಲರ್. ಎರಡೂ ನಮ್ಮವನದ್ದಲ್ಲ, ಒಬ್ಬನಂತೂ ಸ್ವೀಡನ್ನಿನವನು. ಹಳೆಯ ರಾಜನ ನಿಷ್ಠೆಯನ್ನು ತ್ಯಜಿಸುತ್ತೇನೆಂದು ಬರೆದುಕೊಡುವ ಪೌರತ್ವದ ಮೊದಲ ಕಾಗದವನ್ನಾದರೂ ನೆಚ್ಚೋಣವೆಂದರೆ, 1905ರವರೆಗೆ ಎರಡೂ ದೇಶಗಳಿಗೆ ಒಬ್ಬನೇ ರಾಜನಿದ್ದುದರಿಂದ ನಾರ್ವೆಯವನೂ ಸ್ವೀಡನ್ನಿನವನೂ ತ್ಯಜಿಸುತ್ತಿದ್ದುದು ಅದೇ ರಾಜನ ನಿಷ್ಠೆಯನ್ನೇ. ಹಳೆಯ ಕೈಬರಹ ಓದಿಸಲು ಒಬ್ಬರಿಗೆ ಕೊಟ್ಟ 120 ಡಾಲರನ್ನೂ ಸೇರಿಸಿದರೆ, ಆ ವರ್ಷದ ನಷ್ಟವನ್ನು ಮನೆಯಲ್ಲಿ ನಾನು ಈವರೆಗೂ ಸರಿಯಾಗಿ ಹೇಳಿಲ್ಲ.

ಮೂರನೆಯ ಕಡತ ನಮ್ಮವನದ್ದೇ ಆಗಿತ್ತು. ಐದು ವರ್ಷ ವಾಸವಿದ್ದು ಉಳುಮೆ ಮಾಡಿದ್ದೇನೆಂದು ಅವನು ಸಾಕ್ಷಿಗಳೊಡನೆ ಕೊಟ್ಟ ಹೇಳಿಕೆಯಲ್ಲಿ ಮೊದಲು ಹುಲ್ಲುಹೆಂಟೆಯ ಮನೆ, ಬಳಿಕ 14ಕ್ಕೆ 16 ಅಡಿಯ ಮರದ ಮನೆ, ಒಂದು ಕೊಟ್ಟಿಗೆ, ಒಂದು ಬಾವಿ, ಉತ್ತ ನೆಲ ನಲವತ್ತು ಎಕರೆಯ ಆಸುಪಾಸು ಎಂದೆಲ್ಲ ಇತ್ತು. ಭೂಮಿಯನ್ನು ಬಿಟ್ಟು ಹೋಗಿದ್ದುಂಟೇ ಎಂಬ ಪ್ರಶ್ನೆಗೆ, ಎರಡು ಸುಗ್ಗಿಗಳಲ್ಲಿ ಕೂಲಿಗೆ ಹೋಗಿದ್ದೆ, ಹೆಂಡತಿ ಮಕ್ಕಳು ಇಲ್ಲೇ ಇದ್ದರು ಎಂದು ಉತ್ತರಿಸಿದ್ದ. ರೆಡ್ ನದಿಯ ಕಣಿವೆಯಲ್ಲಿ ಸಾವಿರಾರು ಎಕರೆ ಗೋಧಿ ಬೆಳೆಯುತ್ತಿದ್ದ ಬೊನಾನ್ಜಾ ಜಮೀನುಗಳಿದ್ದವು; ಸ್ವಂತ ನೆಲ ಹಿಡಿದ ಬಡವರು ಎತ್ತು, ನೇಗಿಲುಗಳ ದುಡ್ಡನ್ನು ಅಲ್ಲಿಯೇ ದುಡಿದು ತರುತ್ತಿದ್ದರು. ಆ ಎರಡು ಸುಗ್ಗಿಗಳಲ್ಲಿ ಬಯಲಿನ ನಡುವೆ ಮಕ್ಕಳೊಡನೆ ಉಳಿದ ಹೆಂಗಸಿನ ಹೆಸರನ್ನು ಮಾತ್ರ ಗುಮಾಸ್ತ ಬರೆದಿರಲಿಲ್ಲ. ಹುಟ್ಟೂರಿನ ಜಾಗದಲ್ಲಿಯೂ ‘ನಾರ್ವೆ’ ಎಂಬ ಒಂದೇ ಪದ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿದೆ. ಹೆಂಟೆಯ ಮನೆ ಎಂದು ಓದಿದ ಮೇಲೆ ಕೈ ಸುಮ್ಮನಿರದೆ, ಹಿತ್ತಲಿನ ಹುಲ್ಲನ್ನು ಬೇರುಸಮೇತ ಇಟ್ಟಿಗೆಗಳಂತೆ ಕೊಯ್ದು, ಅವರು ಮಾಡುತ್ತಿದ್ದಂತೆ ಹುಲ್ಲಿನ ಮುಖ ಕೆಳಗಾಗಿ ಪೇರಿಸಿ ನೋಡಿದೆ. ಮೂರನೆಯ ವರಸೆಗೇ ಎಲ್ಲ ಪುಡಿಯಾಯಿತು. ಹಿತ್ತಲಿನ ಹುಲ್ಲಿಗೆ ಬೇರು ಬೆರಳುದ್ದ. ಎಂದೂ ನೇಗಿಲು ಕಾಣದ ಪ್ರೇರಿ ಎಂಬ ಹುಲ್ಲುಬಯಲಿನ ಹುಲ್ಲಿನ ಬೇರುಗಳಾದರೋ ಆಳುದ್ದ ಇಳಿದು ಮಣ್ಣನ್ನು ನಾರಿನಂತೆ ಹೆಣೆದಿರುತ್ತವೆ. ಗೋಡೆಯನ್ನು ನಿಲ್ಲಿಸುತ್ತಿದ್ದುದೂ ಆ ಬೇರೇ, ಮೊದಲ ಉಳುಮೆಯಲ್ಲಿ ಎತ್ತುಗಳನ್ನು ಹೈರಾಣಾಗಿಸುತ್ತಿದ್ದುದೂ ಆ ಬೇರೇ. ಮೂರು ವಾರಾಂತ್ಯಗಳೂ ಹಿತ್ತಲೂ ಹಾಳಾದವು.

ದಾರಿ ತೆರೆದದ್ದು ಕಡತದಲ್ಲಿದ್ದ ಒಂದು ಪತ್ರಿಕಾ ತುಣುಕಿನಿಂದ. 1879ರ ಕಾಯ್ದೆಯ ನಂತರ, ಪಟ್ಟಾ ಪಡೆಯಲು ಅಂತಿಮ ಸಾಕ್ಷ್ಯ ಕೊಡುವವನು ನಾಲ್ವರು ಸಾಕ್ಷಿಗಳ ಹೆಸರಿನೊಡನೆ ಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಬೇಕಿತ್ತು. ಸಾಕ್ಷಿಗಳೆಂದರೆ ನೆರೆಹೊರೆಯವರು, ಮತ್ತು ಈ ನೆರೆಹೊರೆಯವರು ಬಹಳ ಸಲ ಊರಿನಿಂದಲೇ ಒಟ್ಟಿಗೆ ಹೊರಟವರು. ನಮ್ಮಲ್ಲಿ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಇನಿಷಿಯಲ್ ಇರುವಂತೆ ನಾರ್ವೆಯವರಲ್ಲಿ ತಂದೆಯ ಹೆಸರೂ ವಾಸದ ಜಮೀನಿನ ಹೆಸರೂ ಹಿಂದೆ ಬರುತ್ತಿದ್ದವು. ಜಮೀನು ಬದಲಾದರೆ ಹೆಸರೂ ಬದಲಾಗುತ್ತಿತ್ತು. ಅಮೆರಿಕಕ್ಕೆ ಬಂದ ಮೇಲೆ ಕೆಲವರು ತಂದೆಯ ಹೆಸರನ್ನೂ ಕೆಲವರು ಜಮೀನಿನ ಹೆಸರನ್ನೂ ಅಡ್ಡಹೆಸರಾಗಿ ಉಳಿಸಿಕೊಂಡರು. ನಾಲ್ವರಲ್ಲಿ ಮೂವರು ಓಲ್ಸನ್, ಲಾರ್ಸನ್, ಆಂಡರ್ಸನ್ ಎಂಬಂಥ ಸಾಮಾನ್ಯ ಹೆಸರಿನವರಾಗಿದ್ದು, ಒಬ್ಬನದು ಮಾತ್ರ ಅಪರೂಪದ ಜಮೀನಿನ ಹೆಸರಾಗಿತ್ತು. ಓಲೆಯನ್ನು ಬಿಟ್ಟು ಅವನ ಹಿಂದೆ ಹೋದೆ. ಅಮೆರಿಕದ ಗುಮಾಸ್ತ ಕಿವಿಗೆ ಬಿದ್ದಂತೆ ಗೀಚಿದ ಹೆಸರನ್ನು ಮತ್ತೆ ನಾರ್ವೆಯ ಕಾಗುಣಿತಕ್ಕೆ ತರಲು ನಾನು ಮಾಡಿಕೊಂಡಿರುವ ಕೋಷ್ಟಕವೊಂದಿದೆ. ಅದು ಸದ್ಯ ನನ್ನ ಬಳಿಯೇ ಇರಲಿ.

ಗ್ರ್ಯಾಂಡ್ ಫೋರ್ಕ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾರ್ವೆಯ ಒಂದೊಂದು ಸೀಮೆಯ ಜಮೀನು, ಕುಟುಂಬಗಳ ಚರಿತ್ರೆ ಹೇಳುವ ‘ಬಿಗ್ಡೆಬೋಕ್’ ಸಂಪುಟಗಳ ದೊಡ್ಡ ಸಂಗ್ರಹವಿದೆ. ನಮ್ಮ ಮನೆಯಿಂದ 80 ಮೈಲಿ. ಚಳಿಗಾಲವೊಂದರಲ್ಲೇ ಒಂಬತ್ತೋ ಹತ್ತೋ ಸಲ ಹೋಗಿಬಂದೆ. ಆ ಅಪರೂಪದ ಹೆಸರು ವಾಲ್ಡ್ರೆಸ್‌ನ ಒಂದೇ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಯ ಸೀಮೆ) ಸಿಕ್ಕಿತು. ಅಲ್ಲಿನ ಚರ್ಚಿನ ವಲಸೆ ಪಟ್ಟಿಯನ್ನು ನಾರ್ವೆಯ ಡಿಜಿಟಲ್ ಪತ್ರಾಗಾರದಲ್ಲಿ ಉಚಿತವಾಗಿಯೇ ತೆರೆದರೆ, ಆ ಸಾಕ್ಷಿ ಹೊರಟ ಅದೇ ವಸಂತದಲ್ಲಿ ಹೊರಟವರ ನಡುವೆ ಒಬ್ಬ ಓಲೆ, ಅವನ ಹೆಂಡತಿ, ಕೈಗೂಸು.

ಅವನೇ ಇವನೆಂದು ಖಚಿತಪಡಿಸಿದ್ದು ಮಕ್ಕಳ ಹೆಸರುಗಳು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಅವರಲ್ಲಿಯೂ ಇತ್ತು: ಮೊದಲ ಮಗನಿಗೆ ತಂದೆಯ ಕಡೆಯ ಅಜ್ಜನದು, ಎರಡನೆಯವನಿಗೆ ತಾಯಿಯ ಕಡೆಯದು. ಡಕೋಟಾದಲ್ಲಿ ಹುಟ್ಟಿದ ಎರಡನೆಯ ಮಗ ಹಾಲ್‌ವರ್. ವಲಸೆ ಪಟ್ಟಿಯ ಹೆಂಡತಿ ಹಾಲ್‌ವರನ ಮಗಳು. ಗುಮಾಸ್ತ ಬರೆಯದೆ ಬಿಟ್ಟ ಹೆಸರು, ಆನ್ನೆ, ಹೀಗೆ ಕೈಗೆ ಸಿಕ್ಕಿತು. 1865ರ ಜನಗಣತಿ ದನಕರುಗಳನ್ನೂ ಬಿತ್ತಿದ ಬೀಜವನ್ನೂ ಎಣಿಸಿದೆ: ಓಲೆಯ ತಂದೆ ಪರರ ಜಮೀನಿನ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡು ದುಡಿಯುವ ಹೂಸ್‌ಮನ್, ಒಂದು ಹಸು, ಐದಾರು ಕುರಿ, ಒಂದಿಷ್ಟು ಬಾರ್ಲಿ ಮತ್ತು ಆಲೂಗಡ್ಡೆ. ಇದನ್ನೂ ಮಗನ 160 ಎಕರೆಯ ಪಟ್ಟಾವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ.

ಇನ್ನೊಂದು ಹೊಂಡದ ಬಗ್ಗೆ ಎಚ್ಚರಿಸಬೇಕು. 1880ರ ದಶಕದ ಕೊನೆಯಲ್ಲಿ ಈ ಕುಟುಂಬ ಡಕೋಟಾದ ತಮ್ಮ ಚರ್ಚಿನ ದಾಖಲೆಯಿಂದ ಥಟ್ಟನೆ ಮಾಯವಾಗಿತ್ತು. ಎಲ್ಲರೂ ತೀರಿಕೊಂಡರೆಂದೇ ಭಾವಿಸಿ ನಾನು ಸ್ಮಶಾನಗಳನ್ನು ಸುತ್ತಿದೆ. ದೇವರು ಯಾರನ್ನು ಮೊದಲೇ ಆರಿಸಿಕೊಂಡಿರುತ್ತಾನೆ ಎಂಬ ವಾದದಲ್ಲಿ ನಾರ್ವೇಜಿಯನ್ ಲುಥೆರನ್ ಸಿನೊಡ್ ಎಂಬ ಚರ್ಚುಗಳ ಒಕ್ಕೂಟ 1887ರ ಸುಮಾರಿಗೆ ಒಡೆದಿತ್ತು, ಇವರು ಅರ್ಧ ಮೈಲಿ ಆಚೆಯ ಹೊಸ ಚರ್ಚಿಗೆ ಹೋಗಿದ್ದರು, ಅಷ್ಟೇ.

ಒಟ್ಟು ಖರ್ಚು 700 ಡಾಲರ್ ದಾಟಿರಬೇಕು. ಓಲೆಗೊಬ್ಬ ತಮ್ಮನಿದ್ದ, ಅವನು ಮಿನೆಸೋಟದಲ್ಲೇ ಉಳಿದು ಜಮೀನಿನ ಹೆಸರನ್ನು ಅಡ್ಡಹೆಸರಾಗಿ ಇಟ್ಟುಕೊಂಡನೆಂಬ ಗುಮಾನಿ ನನಗಿದೆ. ಅಜ್ಜಿ ಅವನನ್ನೂ ಹುಡುಕಿಕೊಡು ಎನ್ನುತ್ತಿದ್ದಾರೆ. ಕಡತದ ಶುಲ್ಕವನ್ನು ಈ ಸಲ ಅವರೇ ಕಟ್ಟಬೇಕೆಂದು ಹೇಳಿದ್ದೇನೆ.