ಊರ ಕೆರೆಯ ಹಕ್ಕಿ ಲೆಕ್ಕ: ಗುಂಪು ಕಟ್ಟುವುದರಿಂದ ಗ್ರಾಮಸಭೆಯವರೆಗೆ

ಹಕ್ಕಿ ನೋಡುವ ಹವ್ಯಾಸ ಹತ್ತಿದವರು ಮೊದಲು ರಂಗನತಿಟ್ಟಿಗೋ ಮಂಡಗದ್ದೆಗೋ ಗುಡವಿಗೋ ಹೋಗುತ್ತಾರೆ. ಆ ತಾಣಗಳಿಗೆ ಕಾವಲುಗಾರರಿದ್ದಾರೆ, ಕಾನೂನಿನ ರಕ್ಷಣೆಯಿದೆ, ದಶಕಗಳ ದಾಖಲೆಯಿದೆ. ಊರ ಕೆರೆಗೆ ಸಾಮಾನ್ಯವಾಗಿ ಇವು ಯಾವುವೂ ಇರುವುದಿಲ್ಲ. ಅಲ್ಲಿ ಯಾವ ಹಕ್ಕಿ ಯಾವ ತಿಂಗಳಲ್ಲಿ ಎಷ್ಟಿತ್ತು ಎಂದು ಬರೆದಿಟ್ಟವರೂ ಇರುವುದಿಲ್ಲವಾದ್ದರಿಂದ, ಹೂಳೆತ್ತುವ ಯಂತ್ರ ಬಂದ ದಿನ ಹಕ್ಕಿಗಳ ಪರವಾಗಿ ತೋರಿಸಲು ಒಂದು ಹಾಳೆಯೂ ಸಿಗುವುದಿಲ್ಲ. ಆ ಹಾಳೆಯನ್ನು ತಯಾರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಗುಂಪು ದೊಡ್ಡದಾಗಬೇಕಿಲ್ಲ. ತಪ್ಪದೆ ಬರುವ ನಾಲ್ಕೈದು ಮಂದಿ ಸಾಕು. ಆದರೆ ಅವರೆಲ್ಲ ದುರ್ಬೀನು ಹಿಡಿದ ಹವ್ಯಾಸಿಗಳೇ ಆಗಿರಬಾರದು. ತೂಬು ಎತ್ತುವ ನೀರುಗಂಟಿ, ಕೆರೆಯ ಮೀನು ಗುತ್ತಿಗೆ ಹಿಡಿದವರು, ಅಂಗಳದಲ್ಲಿ ಕುರಿ ಮೇಯಿಸುವವರು, ಶಾಲೆಯ ಒಬ್ಬ ಮೇಷ್ಟ್ರು ಇವರಲ್ಲಿ ಕನಿಷ್ಠ ಇಬ್ಬರಾದರೂ ಮೊದಲ ದಿನದಿಂದಲೇ ಜೊತೆಗಿರಲಿ. ನೀರು ಯಾವ ವಾರ ಇಳಿಯಿತು, ಬಲೆ ಎಲ್ಲಿ ಬಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ. ಮುಂದೆ ಪಂಚಾಯಿತಿಯಲ್ಲಿ ಅವರ ಮಾತಿಗಿರುವ ತೂಕ ಹೊರಗಿನಿಂದ ಬಂದವರ ಮಾತಿಗೆ ಇರುವುದಿಲ್ಲ.

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗುಂಪಿಗೆ ಒಂದು 8x42 ದುರ್ಬೀನು ಇದ್ದರೆ ಕೆಲಸ ಸಾಗುತ್ತದೆ. ಇದರಲ್ಲಿ 8 ಎಂಬುದು ಹಿಗ್ಗಿಸುವ ಪ್ರಮಾಣ, 42 ಎಂಬುದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಇದಕ್ಕಿಂತ ಹೆಚ್ಚು ಹಿಗ್ಗಿಸುವ ದುರ್ಬೀನು ಕೈಯ ಅಲುಗಾಟವನ್ನೂ ಹಿಗ್ಗಿಸುತ್ತದೆ. ಕ್ಯಾಮೆರಾ ಇದ್ದರೆ ಒಳ್ಳೆಯದು, ಆದರೆ ಎಣಿಸುವವರ ಕೈಯಲ್ಲಿ ಅದು ಬೇಡ. ಚಿತ್ರದ ಹಿಂದೆ ಬಿದ್ದವರು ಲೆಕ್ಕ ತಪ್ಪುತ್ತಾರೆ.

ಎಣಿಕೆಯಲ್ಲಿ ಮುಖ್ಯವಾದದ್ದು ಒಂದೇ ಕ್ರಮವನ್ನು ಬಿಡದೆ ಪಾಲಿಸುವುದು. ಏರಿಯ ಮೇಲೆ, ಕೋಡಿಯ ಬಳಿ, ಹಳ್ಳ ಬಂದು ಸೇರುವ ಹಿನ್ನೀರಿನ ಕಡೆ ಹೀಗೆ ಮೂರು ನಾಲ್ಕು ನಿಲ್ದಾಣಗಳನ್ನು ಗೊತ್ತುಮಾಡಿಕೊಂಡು, ಬೆಳಗ್ಗೆ ಸೂರ್ಯ ಬೆನ್ನಿಗಿರುವಂತೆ ನಿಂತು, ಪ್ರತಿ ತಿಂಗಳೂ ಅದೇ ಜಾಗದಿಂದ ಅಷ್ಟೇ ಹೊತ್ತು ಎಣಿಸಬೇಕು. ಹಕ್ಕಿಗಳ ಗುಂಪು ದೊಡ್ಡದಿದ್ದರೆ ಮೊದಲು ಹತ್ತು ಹಕ್ಕಿಗಳನ್ನು ನಿಖರವಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಳತೆ ಮಾಡಿಕೊಂಡು, ಉಳಿದ ಗುಂಪನ್ನು ಅದೇ ಅಳತೆಯಲ್ಲಿ ಭಾಗಿಸುತ್ತ ಹೋಗಬೇಕು. ಅಪರೂಪದ ಹಕ್ಕಿಯನ್ನು ಮಾತ್ರ ಬರೆದು ಗೋವಕ್ಕಿ, ಕೊಳದ ಬಕ, ಗುಳುಮುಳುಕಗಳನ್ನು ಬಿಟ್ಟರೆ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಹಾಗೆಯೇ ಕಳೆದ ತಿಂಗಳು ಇದ್ದ ಹಕ್ಕಿ ಈ ತಿಂಗಳು ಕಾಣದಿದ್ದರೆ ಅದರ ಮುಂದೆ ಸೊನ್ನೆ ಬರೆಯಬೇಕು. ಪ್ರತಿ ಹಾಳೆಯ ತಲೆಯಲ್ಲಿ ದಿನಾಂಕ, ವೇಳೆ, ಎಣಿಸಿದವರ ಹೆಸರು, ತೂಬಿನ ಕಂಬದ ಮೇಲಿನ ನೀರಿನ ಮಟ್ಟ ಇರಲಿ. ನೀರಿನ ಮಟ್ಟವಿಲ್ಲದ ಹಕ್ಕಿ ಪಟ್ಟಿ ಅರ್ಧ ಪಟ್ಟಿ ಎಂದೇ ನನ್ನ ಅಭಿಪ್ರಾಯ.

ವೇಳೆಯನ್ನು ಹಕ್ಕಿಯ ಸ್ವಭಾವ ನೋಡಿಯೂ ನಿರ್ಧರಿಸಬೇಕಾಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ, ಮರಳಿ ಬಂದು ಕೆರೆಯಲ್ಲಿ ವಿಶ್ರಮಿಸುತ್ತವೆ. ಅವು ಹೊಲದಲ್ಲಿರುವ ಹೊತ್ತಿನಲ್ಲಿ ಕೆರೆಯನ್ನು ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಈ ಹೆಬ್ಬಾತುಗಳ ಕೊರಳಲ್ಲಿ ಬಣ್ಣದ ಪಟ್ಟಿಯೇನಾದರೂ ಕಂಡರೆ ಅದರ ಬಣ್ಣವನ್ನೂ ಅಕ್ಷರ, ಅಂಕಿಗಳನ್ನೂ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಗುರುತಿಗೆ ಸಿಕ್ಕದ್ದು ಹೀಗೆ ಬರೆದುಕೊಂಡವರಿಂದಲೇ.

ಪುಸ್ತಕದಲ್ಲಿ ಬರೆದದ್ದನ್ನು ಅಂದೇ ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಏರಿಸಿ, ಅಲ್ಲಿ ಕೇಳುವ ‘ಸಂಪೂರ್ಣ ಪಟ್ಟಿಯೇ’ (ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ) ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿ. ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿ, ಫೆಬ್ರುವರಿಯ ನಾಲ್ಕು ದಿನಗಳ ಹಿತ್ತಲ ಹಕ್ಕಿಗಳ ಗಣತಿ ಎರಡರಲ್ಲೂ ಪಾಲ್ಗೊಂಡರೆ ನಿಮ್ಮ ಕೆರೆಯ ಹೆಸರು ದೊಡ್ಡ ದಾಖಲೆಗಳಲ್ಲಿ ಸೇರುತ್ತದೆ. ಕಾಗದದ ಪುಸ್ತಕವನ್ನು ಮಾತ್ರ ಬಿಡಬೇಡಿ. ಗ್ರಾಮಸಭೆಯಲ್ಲಿ ಅದನ್ನೇ ತೆರೆದು ತೋರಿಸಬೇಕಾಗುತ್ತದೆ.

ಆರು ತಿಂಗಳ ಪಟ್ಟಿ ಕೈಗೆ ಬಂದ ಮೇಲೆ ಕೆರೆಯ ಒಂದು ಕೈನಕ್ಷೆ ಬರೆದು, ಯಾವ ಹಕ್ಕಿ ಎಲ್ಲಿ ನಿಂತಿತ್ತೆಂದು ಗುರುತು ಹಾಕಿ. ಚಿತ್ರ ತಾನಾಗಿಯೇ ಮೂಡುತ್ತದೆ. ನೀರುಕಾಗೆ, ಹಾವಕ್ಕಿ, ಹೆಜ್ಜಾರ್ಲೆಗಳು ಆಳದ ಕಡೆ. ನಾಮದಕೋಳಿ, ವರಟೆ ಬಾತುಗಳು ಜೊಂಡಿನ ಅಂಚಿನಲ್ಲಿ. ದೇವನಕ್ಕಿ ತೇಲುವ ಎಲೆಗಳ ಮೇಲೆ. ಉಲ್ಲಂಕಿ, ಗೊರವ, ಮೆಟ್ಟುಗಾಲು ಹಕ್ಕಿಗಳು ಪಾದ ಮುಳುಗುವಷ್ಟು ನೀರಿರುವ ಕೆಸರಿನಲ್ಲಿ. ಟಿಟ್ಟಿಭದ ಮೊಟ್ಟೆ ಇನ್ನೂ ಆಚೆ, ಬಯಲು ನೆಲದ ಕಲ್ಲುಗಳ ನಡುವೆ. ಜಾತಿಗಳ ಸಂಖ್ಯೆ ಹೆಚ್ಚಿರುವುದು ಸಾಮಾನ್ಯವಾಗಿ ಈ ಇಳಿಜಾರಿನ, ತೆಳುನೀರಿನ ಅಂಚಿನಲ್ಲಿ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಮೊದಲು ನಾಶವಾಗುವುದೂ ಅದೇ: ಅಂಚನ್ನು ಕಡಿದಾಗಿ ಕೊರೆದು, ಕಲ್ಲು ಹೊದಿಸಿ, ಸುತ್ತ ನಡಿಗೆ ಪಥ ಹಾಕಿದರೆ ಕೆರೆ ಬಟ್ಟಲಿನಂತಾಗಿ ಮೀನು ಮುಕ್ಕುವ ಕೆಲವೇ ಹಕ್ಕಿಗಳು ಉಳಿಯುತ್ತವೆ. ಹೂಳೆತ್ತುವುದನ್ನು ವಿರೋಧಿಸಬೇಕಾಗಿಲ್ಲ, ವಿರೋಧಿಸಿದರೆ ರೈತರು ನಿಮ್ಮೊಡನಿರುವುದೂ ಇಲ್ಲ. ಏರಿಯ ಕಡೆ ಆಳ ಮಾಡಿ, ಹಿನ್ನೀರಿನ ಕಡೆಯ ಇಳಿಜಾರನ್ನು ಮುಟ್ಟದೆ ಬಿಡಿ ಎಂದು ನಕ್ಷೆ ತೋರಿಸಿ ಕೇಳುವುದು ನ್ಯಾಯವಾದ ಬೇಡಿಕೆ.

ಮರಗಳ ವಿಷಯದಲ್ಲೂ ಆತುರ ಸಲ್ಲದು. ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದು ಕೆರೆಯಂಗಳದ ಕರಿಜಾಲಿ ಮರಗಳ ಮೇಲೆ. ಯಾರಾದರೂ ಮುಳ್ಳುಗಿಡವೆಂದು ಅವನ್ನು ಸವರಿದ್ದರೆ 2024ರಲ್ಲಿ ಆ ಕೆರೆ, ಮಾಗಡಿ ಕೆರೆಯ ಜೊತೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರುವ ಪ್ರಶ್ನೆಯೇ ಇರುತ್ತಿರಲಿಲ್ಲ. ಇನ್ನು ಹುಲ್ಲುಗಾವಲು, ಕುರುಚಲು ಬಯಲುಗಳಲ್ಲಿ ಸಸಿ ನೆಡುವ ಕಾರ್ಯಕ್ರಮಗಳನ್ನು ಹಕ್ಕಿಪ್ರಿಯರೇ ಉತ್ಸಾಹದಿಂದ ನಡೆಸುವುದನ್ನು ಕಂಡಾಗ ಬೇಸರವಾಗುತ್ತದೆ. ನೆಲಗುಬ್ಬಿಗೂ ಎರ್ಲಡ್ಡು ಎಂಬ ದೊಡ್ಡ ಬಯಲುಹಕ್ಕಿಗೂ ಬೇಕಾದದ್ದು ಮರವಿಲ್ಲದ ಬಯಲು.

ಗೂಡಿನ ಮರಗಳು ಖಾಸಗಿ ಜಮೀನಿನಲ್ಲಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಉದಾಹರಣೆ ನೆನಪಿರಲಿ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಅತ್ತಿ ಜಾತಿಯ ಮರಗಳಲ್ಲೇ ಸಂಸಾರ ಹೂಡುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ಬಂದ ಮಗಳಂತೆ ಕಾಣುತ್ತಾರೆಂಬ ಮಾತು ಪ್ರಸಿದ್ಧವಾದದ್ದೇ. ಆದರೆ ಪ್ರೀತಿಯ ಜೊತೆ ಲೆಕ್ಕಾಚಾರವೂ ಇತ್ತು. ಮರದಡಿ ಬೀಳುವ ಹಿಕ್ಕೆ ಗೊಬ್ಬರವಾಯಿತು, ಹುಣಸೆ ಬಡಿಯದೆ ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿತು, 2007ರಲ್ಲಿ ಊರು ಸಮುದಾಯ ಮೀಸಲು (ಊರವರ ಸಹಭಾಗಿತ್ವದ ಸಂರಕ್ಷಿತ ತಾಣ) ಎಂದು ಘೋಷಿತವಾಯಿತು. ಮರದ ಒಡೆಯರಿಗಾಗುವ ನಷ್ಟವನ್ನು ಮೊದಲು ಕೇಳಿ ತಿಳಿದು, ಆಮೇಲೆ ಸಂರಕ್ಷಣೆಯ ಮಾತೆತ್ತಿ.

ನಡವಳಿಕೆಯ ನಿಯಮಗಳು ಕೆಲವೇ. ಗೂಡಿನ ಬಳಿ ಹೋಗಬಾರದು, ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯಬಾರದು, ಗೂಡಿರುವ ಜಾಗವನ್ನು ವಾಟ್ಸ್ಆ್ಯಪಿನಲ್ಲಿ ಹಂಚಬಾರದು. ಒಂದೇ ಕಡೆ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟದೆ ಪಶುವೈದ್ಯರಿಗೂ ಅರಣ್ಯ ಕಚೇರಿಗೂ ತಿಳಿಸಬೇಕು.

ಕೊನೆಯದಾಗಿ ಅರ್ಜಿ. ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ: ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಪಂಚಾಯಿತಿಗೂ ಸೇರುತ್ತವೆ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜೀವಸಂಪತ್ತನ್ನು ಬರೆದಿಡುವ ಅದರ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ನಿಮ್ಮ ಪಟ್ಟಿಯನ್ನು ಸೇರಿಸಲು ಲಿಖಿತವಾಗಿ ಕೇಳಿ. ಕಾಮಗಾರಿಗೆ ಟೆಂಡರು ಆದ ಮೇಲೆ ಹೋದರೆ ಪ್ರಯೋಜನವಿಲ್ಲ, ಮುಂದಿನ ವರ್ಷದ ಕ್ರಿಯಾಯೋಜನೆಗೆ ಗ್ರಾಮಸಭೆ ಕೂಡುವ ಹೊತ್ತಿಗೇ ಹೋಗಬೇಕು. ಅರ್ಜಿಯಲ್ಲಿ ಒಂದೇ ಬೇಡಿಕೆ ಇರಲಿ, ಅದಕ್ಕೆ ಅಳತೆ ಇರಲಿ: ಹಿನ್ನೀರಿನ ಯಾವ ಕಲ್ಲಿನಿಂದ ಯಾವ ಮರದವರೆಗಿನ ಅಂಚನ್ನು ಅಗೆಯದೆ ಬಿಡಬೇಕು, ಯಾವ ತಿಂಗಳುಗಳಲ್ಲಿ ಯಂತ್ರ ಇಳಿಸಬಾರದು ಎಂದು ಸ್ಪಷ್ಟವಾಗಿ ಬರೆದು, ನಕ್ಷೆಯನ್ನೂ ತಿಂಗಳವಾರು ಹಾಳೆಗಳ ನಕಲನ್ನೂ ಲಗತ್ತಿಸಿ, ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.