ಆಳು ಇಳಿಸುವ ಮುನ್ನ ಆನೆಯ ಸುದ್ದಿ

ಸಕಲೇಶಪುರ ಸೀಮೆಯಲ್ಲಿ ಕಾಫಿ ತೋಟ ಮಾಡುವವರಿಗೆ ಆನೆಯೆಂದರೆ ಎಂದೋ ಒಮ್ಮೆ ಕಾಡಿನಿಂದ ಬಂದು ಹೋಗುವ ಪ್ರಾಣಿಯಲ್ಲ. ಹಗಲೆಲ್ಲ ತೋಟದ ನೆರಳಿನಲ್ಲೇ ನಿಂತಿದ್ದು ಸಂಜೆ ಗದ್ದೆಗೋ ಕೆರೆಗೋ ಇಳಿಯುತ್ತದೆ. ಹಲಸು, ಬಗನಿ (ಬೈನೆ) ಮರ, ಬಾಳೆ, ನೀರು ಎಲ್ಲವೂ ಅದಕ್ಕೆ ಇಲ್ಲಿಯೇ ಸಿಗುತ್ತವೆ. 2014ರಲ್ಲಿ ಆಲೂರು, ಸಕಲೇಶಪುರ ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಆ ಜಾಗಕ್ಕೆ ಬೇರೆ ಆನೆಗಳು ಬಂದವು. ಆನೆ ಇರುವಾಗಲೇ ಆಳುಗಳ ಜೀವ ಕಾಯ್ದುಕೊಂಡು ತೋಟ ನಡೆಸುವ ದಾರಿಯನ್ನು ನಾನು ಹುಡುಕತೊಡಗಿದ್ದು ಆಮೇಲೆ.

ಬೆಳಗ್ಗೆ ಮೊದಲು ಸುದ್ದಿ ತಿಳಿಯಬೇಕು. ಹಿಂಡು ಯಾವ ಊರಿನ ಕಡೆ ಇದೆ ಎಂದು ಅರಣ್ಯ ಇಲಾಖೆಯವರು ಮೊಬೈಲ್‌ಗೆ ಸಂದೇಶ ಕಳಿಸುತ್ತಾರೆ. ಕೆಲವು ಹೆಣ್ಣಾನೆಗಳ ಕೊರಳಿಗೆ ರೇಡಿಯೊ ಕಾಲರ್ ಇರುವುದರಿಂದ ಹಿಂಡಿನ ಜಾಡು ಸಿಗುತ್ತದೆ. ಒಂಟಿ ಸಲಗಕ್ಕೆ ಮಾತ್ರ ನಮ್ಮ ಕಣ್ಣೇ ಬೇಕು. ಬೆಳಕು ಹರಿದ ಮೇಲೆ ರೈಟರು (ತೋಟದ ಕೆಲಸ, ಹಾಜರಿ ನೋಡಿಕೊಳ್ಳುವವರು) ಮತ್ತು ನಾನು ಜೀಪಿನಲ್ಲಿ ತೋಟದ ರಸ್ತೆ ಸುತ್ತಿ ಹೆಜ್ಜೆ, ಲದ್ದಿ, ಮುರಿದ ಬಗನಿ ನೋಡುತ್ತೇವೆ. ಲದ್ದಿ ಹಸಿಯಾಗಿದ್ದರೆ ಆ ಬ್ಲಾಕಿಗೆ ಅಂದು ಯಾರೂ ಇಳಿಯುವುದಿಲ್ಲ.

ಕೊಯ್ಲಿನ ಭರದಲ್ಲಿ ಇದು ಬಹಳ ಕಷ್ಟ. ಅರೇಬಿಕಾ ಹಣ್ಣಾಗಿ ಉದುರುತ್ತಿರುತ್ತದೆ, ಆಳು ಸಿಗುವುದೇ ದುರ್ಲಭ. ಆದರೂ ಇಳಿಸುವುದಿಲ್ಲ. ಬೇರೆ ಬ್ಲಾಕಿನಲ್ಲಿ ಕೆಲಸ ಕೊಡುತ್ತೇನೆ, ಕೆಲಸವಿಲ್ಲದಿದ್ದರೂ ಕೂಲಿ ಕೊಡುತ್ತೇನೆ. ಕೂಲಿ ತಪ್ಪುತ್ತದೆ ಎಂಬ ಭಯವಿದ್ದರೆ ಆನೆಯ ಗುರುತು ಕಂಡವರೂ ಬಾಯಿ ಬಿಡುವುದಿಲ್ಲ. ನನ್ನ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಈ ಕೂಲಿಯೇ.

ಆಳುಗಳು ತಮ್ಮ ವಸತಿಯ ಸಾಲುಮನೆಯಿಂದ, ಅಂದರೆ ಲೈನ್ ಮನೆಯಿಂದ, ನಡೆದು ಬರುವ ಹೊತ್ತು, ತಿರುಗಿ ಹೋಗುವ ಹೊತ್ತು ಅತಿ ಅಪಾಯದವು. ಮಂಜಿನಲ್ಲಿ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. ಅದಕ್ಕೇ ಬಿಸಿಲು ಬಿದ್ದ ಮೇಲೆ ಹಾಜರಿ ಹಾಕುತ್ತೇವೆ, ಹಣ್ಣಿನ ತೂಕವನ್ನು ಕತ್ತಲಿಗೆ ಮುಂಚೆಯೇ ಮುಗಿಸುತ್ತೇವೆ. ಕಾಲುದಾರಿಯ ಎರಡೂ ಬದಿಯ ಪೊದೆ ಸವರಿಸಿದ್ದೇನೆ. ಮನೆಗಳ ಹತ್ತಿರದ ಹಲಸನ್ನು ಎಳೆಯದರಲ್ಲೇ ಕೀಳಿಸುತ್ತೇನೆ, ದೂರದ ಮರಗಳದ್ದನ್ನು ಆನೆಗೇ ಬಿಡುತ್ತೇನೆ.

ತೋಟದ ಸುತ್ತ ಪೂರ್ತಿ ಬೇಲಿ ಹಾಕಲು ನನಗೆ ಮನಸ್ಸಿಲ್ಲ. ಇಲ್ಲಿ ದಾರಿ ಮುಚ್ಚಿದರೆ ಆನೆ ಪಕ್ಕದ ಸಣ್ಣ ರೈತನ ಗದ್ದೆಗೆ ನುಗ್ಗುತ್ತದೆ. ಲೈನ್ ಮನೆ, ಕಣಗಳ ಸುತ್ತ ಮಾತ್ರ ಸೌರ ಬೇಲಿ ಇದೆ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟು ಸೋರಿಹೋಗುತ್ತದೆ, ಮಳೆಗಾಲದಲ್ಲಂತೂ ಸವರುತ್ತಲೇ ಇರಬೇಕು. ದಂತಕ್ಕೆ ಶಾಕ್ ತಟ್ಟುವುದಿಲ್ಲ ಎಂಬುದು ಸಲಗಗಳಿಗೆ ಚೆನ್ನಾಗಿ ಗೊತ್ತು.

ಪಟಾಕಿ ಸಿಡಿಸಿ ಓಡಿಸುವವರೊಡನೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಮರಿಯಿರುವ ಹಿಂಡು ಬೆದರಿ ಓಡಿದರೆ ಅದಕ್ಕೆ ಎದುರಾಗುವವರು ಪಕ್ಕದ ತೋಟದಲ್ಲಿ ಹಣ್ಣು ಬಿಡಿಸುತ್ತಿರುವ, ಏನೂ ಅರಿಯದ ಹೆಂಗಸರು. ಮೈಸೂರು ದಸರಾದಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ, ಪಳಗಿದ ಆನೆ ಅರ್ಜುನ 2023ರ ಡಿಸೆಂಬರ್‌ನಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತದ್ದು ನಮ್ಮ ಯಸಳೂರು ವಲಯದಲ್ಲಿಯೇ. ಆ ಸುದ್ದಿ ಕೇಳಿದ ಮೇಲೂ ಪಟಾಕಿ ಹಿಡಿದು ಆನೆಯ ಹಿಂದೆ ಓಡುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹಿಂಡು ನಮ್ಮ ಗಡಿ ದಾಟಿದರೆ, ಯಾವ ದಿಕ್ಕಿಗೆ ಹೋಯಿತು, ಜೊತೆಗೆ ಮರಿ ಇದೆಯೇ ಎಂದು ಪಕ್ಕದ ತೋಟದ ರೈಟರಿಗೆ ತಕ್ಷಣ ಫೋನು ಮಾಡುತ್ತೇವೆ. ಈಗೀಗ ಅವರೂ ಮಾಡುತ್ತಾರೆ.